25 ಪೌಂಡ್ ಬಹುಮಾನದ ನಾಯಿ

ನಾನು ಕಾಮರ್ಸ್ ಓದಿದವನು, ಹಾಗಾಗಿ ದುಡ್ಡಿನಿಂದಲೇ ಶುರು ಮಾಡ್ತೀನಿ. 1926ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಅಮೆರಿಕದ ರೋಸ್‌ವೆಲ್ ಎಲ್ಡ್ರಿಜ್ 25 ಪೌಂಡ್ ಬಹುಮಾನ ಇಟ್ಟರು. ಅವರಿಗೆ ಬೇಕಿದ್ದದ್ದು ಹಳೇ ರಾಜಮನೆತನದ ಚಿತ್ರಗಳಲ್ಲಿರೋ ಉದ್ದ ಮೂತಿಯ ಸ್ಪೇನಿಯಲ್. ಹಾಗೆ ಹುಟ್ಟಿದ್ದೇ ಕ್ಯಾವಲಿಯರ್ ತಳಿ.

ಕೆಲವೇ ನಾಯಿಗಳಿಂದ ಬೆಳೆದ ಈ ತಳಿಯಲ್ಲಿ ಮುದ್ದು ಮುಖದ ಜೊತೆ ಇಕ್ಕಟ್ಟಾದ ತಲೆಬುರುಡೆಯೂ ವಂಶಪಾರಂಪರ್ಯವಾಗಿ ಬಂತು. ಜಾಗ ಸಾಲದೆ ಮಿದುಳಿನ ಹಿಂಭಾಗ ಕೆಳಕ್ಕೆ ಒತ್ತುತ್ತೆ. ದ್ರವದ ಹರಿವು ಕೆಟ್ಟು ಬೆನ್ನುಹುರಿಯೊಳಗೆ ನೀರು ತುಂಬಿದ ಪೊಳ್ಳುಗಳಾಗುತ್ತವೆ. ನಾಯಿ ಕತ್ತು ಕೆರೆಯೋ ಥರ ಗಾಳಿಯಲ್ಲೇ ಕಾಲಾಡಿಸುತ್ತೆ. ನೋಡೋರಿಗೆ ತಮಾಷೆ, ಅದಕ್ಕೆ ನರದ ನೋವು.

2023ರಲ್ಲಿ ನಾರ್ವೆಯ ಸುಪ್ರೀಂ ಕೋರ್ಟ್, ಈಗಿನ ರೀತಿಯಲ್ಲಿ ಕ್ಯಾವಲಿಯರ್ ಮರಿ ಮಾಡಿಸೋದು ಪ್ರಾಣಿ ಕಲ್ಯಾಣ ಕಾನೂನಿಗೆ ವಿರುದ್ಧ ಎಂದಿತು. ನೀವೂ ಮರಿ ಕೊಳ್ಳೋ ಮುಂಚೆ ಅದರ ಅಪ್ಪ-ಅಮ್ಮನ ಎಂಆರ್‌ಐ ಆಗಿದೆಯಾ ಅಂತ ಕೇಳಿ.