ಮೊಟ್ಟೆಯ ದೂರಪ್ರಯಾಣ

ಜಾವಾ ದ್ವೀಪದ ಪಶ್ಚಿಮ ತುದಿಯಲ್ಲಿ ಬಾಂಟಮ್ ಎಂಬ ಬಂದರೊಂದಿತ್ತು. ಇಂದಿನ ನಕ್ಷೆಯಲ್ಲಿ ಬಾಂಟೆನ್ ಎಂದು ಹುಡುಕಬೇಕು. 1596ರಲ್ಲಿ ಡಚ್ಚರು, 1602ರ ಕೊನೆಯಲ್ಲಿ ಇಂಗ್ಲಿಷರು ಅಲ್ಲಿ ಲಂಗರು ಹಾಕಿದ್ದು ಕರಿಮೆಣಸಿನ ಆಸೆಯಿಂದ. ಆ ಕಡೆಯ ಪುಟ್ಟ ಕೋಳಿಗಳನ್ನು ಕಂಡ ನಾವಿಕರು ಅವಕ್ಕೆ ಬಂದರಿನ ಹೆಸರನ್ನೇ ಕೊಟ್ಟರು. 1682ರಲ್ಲಿ ಡಚ್ಚರು ಇಂಗ್ಲಿಷರನ್ನು ಅಲ್ಲಿಂದ ಹೊರಡಿಸಿದರು. ಬಂದರಿನ ವೈಭವವೂ ಕ್ರಮೇಣ ಮುಗಿಯಿತು. ಮೆಣಸಿನ ವ್ಯಾಪಾರಕ್ಕಾಗಿ ಸುರಿದ ಹಣ, ಹರಿಸಿದ ರಕ್ತ ಎಲ್ಲವನ್ನೂ ಲೋಕ ಮರೆತಿದೆ. ಊರಿನ ಹೆಸರನ್ನು ಉಳಿಸಿಕೊಂಡಿರುವುದು ಅಂಗೈ ಮೇಲೆ ನಿಲ್ಲಬಲ್ಲ ಒಂದು ಹುಂಜ!

ಈ ಪುಟ್ಟ ಕೋಳಿಗಳು ಹೊಟ್ಟೆಪಾಡಿನ ವಸ್ತುವಲ್ಲ, ಹವ್ಯಾಸದ ವಸ್ತು. ಇಂಗ್ಲೆಂಡಿನಲ್ಲಿ ಸರ್ ಜಾನ್ ಸೆಬ್ರೈಟ್ (1767–1846) ಎಂಬ ಜಮೀನುದಾರ ವರ್ಷಾನುವರ್ಷ ಆರಿಸಿ ಆರಿಸಿ ಕೂಡಿಸಿ, ತನ್ನ ಹೆಸರಿನದೇ ಒಂದು ತಳಿಯನ್ನು ಮಾಡಿದ. ಹುಂಜದ ತೂಕ ಸುಮಾರು 600 ಗ್ರಾಂ. ಹೊಂಬಣ್ಣದ ಅಥವಾ ಬೆಳ್ಳಿಬಣ್ಣದ ಪ್ರತಿಯೊಂದು ಗರಿಗೂ ಮಸಿಯಲ್ಲಿ ಬರೆದಂತೆ ಕಪ್ಪು ಅಂಚು. ಹುಂಜಕ್ಕೆ ಬಾಗಿದ ಬಾಲಗರಿಯಿಲ್ಲ, ಹೇಂಟೆಯಂಥದೇ ಗರಿ. ಪಶುಗಳ ತಳಿಯನ್ನು ಉತ್ತಮಪಡಿಸುವ ವಿಚಾರವಾಗಿ ಈತ 1809ರಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕವನ್ನು ಮುಂದೆ ಡಾರ್ವಿನ್ನನೂ ಗಮನವಿಟ್ಟು ಓದಿದ.

ಇಂಥ ಕೋಳಿ ದೂರದ ಊರಿನ ಮತ್ತೊಬ್ಬನಿಗೆ ಬೇಕಾದರೆ ಏನು ಮಾಡಬೇಕು? ಒಳ್ಳೆಯ ಜೋಡಿಯನ್ನು ಯಾರೂ ಸುಲಭವಾಗಿ ಕೊಡರು; ಕೊಟ್ಟರೂ ಬೆಲೆ ಹೆಚ್ಚು, ದಾರಿಯಲ್ಲಿ ಅದು ಸಾಯುವ ಭಯ ಬೇರೆ. ಉಳಿದ ದಾರಿ ಮೊಟ್ಟೆ. ಹತ್ತೊಂಬತ್ತನೆಯ ಶತಮಾನದಲ್ಲಿ ರೈಲು ಬಂದಮೇಲೆ ಒಣಹುಲ್ಲು ತುಂಬಿದ ಬುಟ್ಟಿಯಲ್ಲಿ, ತೌಡು ತುಂಬಿದ ಪೆಟ್ಟಿಗೆಯಲ್ಲಿ ಕೂತು ಮೊಟ್ಟೆಗಳು ಊರೂರಿಗೆ ಹೊರಟವು.

ಇದು ಸಾಧ್ಯವಾದುದಕ್ಕೆ ರೈಲಿಗಿಂತ ಹೆಚ್ಚಾಗಿ ಹೇಂಟೆಗೆ ಕೃತಜ್ಞರಾಗಿರಬೇಕು. ಹೇಂಟೆ ಒಂದೇ ದಿನ ಹತ್ತು ಮೊಟ್ಟೆ ಇಡಲಾರದು. ದಿನಕ್ಕೊಂದು, ನಡುವೆ ಒಂದೊಂದು ದಿನ ಬಿಡುವು. ಗೂಡು ತುಂಬುವ ವೇಳೆಗೆ ಎರಡು ವಾರವೇ ಕಳೆಯಬಹುದು. ಆದರೂ ಮರಿಗಳೆಲ್ಲ ಹೆಚ್ಚುಕಡಮೆ ಒಟ್ಟಿಗೆ ಹೊರಬರುತ್ತವೆ. ಇಟ್ಟ ಮೊಟ್ಟೆ ತಣ್ಣಗಾದೊಡನೆ ಒಳಗಿನ ಪಿಂಡ ತನ್ನ ಬೆಳವಣಿಗೆಯನ್ನು ನಿಲ್ಲಿಸಿಬಿಡುತ್ತದೆ. ಅಷ್ಟರಲ್ಲಿ ಅದು ಹಳದಿಯ ಮೇಲೆ ಸಾವಿರಾರು ಜೀವಕೋಶಗಳ ಒಂದು ಬಿಳಿಯ ಬಿಲ್ಲೆ. ಸುಮಾರು 20 ಡಿಗ್ರಿ ಸೆಲ್ಸಿಯಸ್ಸಿಗಿಂತ ಕೆಳಗಿದ್ದರೆ ಅದು ಬೆಳೆಯುವುದಿಲ್ಲ, ಸಾಯುವುದೂ ಇಲ್ಲ, ಕಾದಿರುತ್ತದೆ. ಕೊನೆಯ ಮೊಟ್ಟೆ ಬಿದ್ದು ತಾಯಿ ಕಾವಿಗೆ ಕೂತ ದಿನವೇ ಎಲ್ಲಕ್ಕೂ ಮೊದಲನೆಯ ದಿನ. ತನ್ನ ಮರಿಗಳು ಒಟ್ಟಿಗೆ ಹುಟ್ಟಲಿ ಎಂದು ಗೂಡಿನಲ್ಲಿ ಏರ್ಪಟ್ಟ ಈ ಕಾಯುವಿಕೆಯನ್ನೇ ಮನುಷ್ಯ ಸಾಗಣೆಗೆ ಬಳಸಿಕೊಂಡ. ವಾರದೊಳಗೆ ತಲುಪಿದರೆ ಹೆಚ್ಚು ನಷ್ಟವಿಲ್ಲ. ಅನಂತರ ದಿನದಿನಕ್ಕೂ ಮರಿಯಾಗುವ ಸಂಭವ ಇಳಿಯುತ್ತದೆ.

ಆದರೆ ಗೂಡು ಅಲುಗಾಡುವುದಿಲ್ಲ, ಗಾಡಿ ಅಲುಗಾಡುತ್ತದೆ. ಮೊಟ್ಟೆಯ ದಪ್ಪತುದಿಯಲ್ಲಿ ಎರಡು ಪೊರೆಗಳ ನಡುವೆ ಗಾಳಿಯ ಚಿಕ್ಕ ಕೋಣೆಯೊಂದಿದೆ. ಮರಿ ತನ್ನ ಮೊದಲ ಉಸಿರನ್ನೆಳೆಯುವುದು ಅಲ್ಲಿಂದ. ಏಟು ಬಿದ್ದಾಗ ಪೊರೆ ಸಡಿಲಗೊಂಡು ಗಾಳಿ ಗುಳ್ಳೆಯಂತೆ ಅತ್ತಿತ್ತ ಹರಿದಾಡತೊಡಗುತ್ತದೆ. ಹೊರಗೆ ಚಿಪ್ಪು ಮಾತ್ರ ಸುರಕ್ಷಿತ! ಬಿಸಿಲಿನಲ್ಲಿ ನಿಂತ ಬೋಗಿಯದು ಇನ್ನೊಂದು ಅಪಾಯ: ಅರೆಬರೆ ಶಾಖಕ್ಕೆ ಪಿಂಡ ಎಚ್ಚೆತ್ತು, ನಾಲ್ಕು ಹೆಜ್ಜೆ ಬೆಳೆದು, ಮತ್ತೆ ತಣ್ಣಗಾಗಿ ಸತ್ತುಹೋಗುತ್ತದೆ. ಆದುದರಿಂದಲೇ ಬಂದ ಮೊಟ್ಟೆಗಳನ್ನು ದಪ್ಪತುದಿ ಮೇಲಾಗಿ ಒಂದು ದಿನ ಸುಮ್ಮನೆ ನಿಲ್ಲಿಸಿಡುವುದು ಅನುಭವಸ್ಥರ ಪದ್ಧತಿ. ದಣಿದು ಬಂದ ನೆಂಟರಿಗೆ ಮೊದಲು ಕೂರಲು ಜಾಗ, ಆಮೇಲೆ ಮಾತು ಎಂಬಂತೆ.

ಮೊಟ್ಟೆ ಬಂತು, ಕಾವು ಯಾರು ಕೊಡಬೇಕು? ನಮ್ಮ ಹಳ್ಳಿಗಳಲ್ಲಿ ಇದೊಂದು ಪ್ರಶ್ನೆಯೇ ಅಲ್ಲ. ಕಾವಿಗೆ ಬಂದ ಹೇಂಟೆಯಿದ್ದರೆ ಪಕ್ಕದ ಮನೆಯ ಮೊಟ್ಟೆಯನ್ನೂ ಅದರ ಕೆಳಗಿಟ್ಟು ಮರಿ ಮಾಡಿಸುತ್ತಾರೆ. ಆದರೆ ಪೆಟ್ಟಿಗೆ ಬರುವ ದಿನಕ್ಕೆ ಸರಿಯಾಗಿ ಹೇಂಟೆ ಕಾವಿಗೆ ಬರಬೇಕೆಂಬ ನಿಯಮವೇನೂ ಇಲ್ಲವಲ್ಲ. ತಾಯಿಯಿಲ್ಲದೆ ಮರಿ ಮಾಡಿಸುವ ಯತ್ನ ಬಹಳ ಹಳೆಯದು. ಈಜಿಪ್ಟಿನವರು ಗೊಬ್ಬರದ ಶಾಖದಲ್ಲಿ ಮೊಟ್ಟೆಗಳನ್ನು ಮರಿ ಮಾಡಿಸುತ್ತಿದ್ದರೆಂದು ಅರಿಸ್ಟಾಟಲನೇ ಬರೆದಿದ್ದಾನೆ. ಜೊತೆಗೆ ಸಿರಾಕ್ಯೂಸಿನ ಒಬ್ಬ ಕುಡುಕನ ಕಥೆಯೂ ಉಂಟು: ಚಾಪೆಯ ಕೆಳಗೆ ಮೊಟ್ಟೆಯಿಟ್ಟು, ಅವು ಮರಿಯಾಗುವ ತನಕ ಎದ್ದೇಳದೆ ಕುಡಿಯುತ್ತಿದ್ದನಂತೆ! ಮುಂದೆ ಈಜಿಪ್ಟಿನಲ್ಲಿ ಸಾವಿರಾರು ಮೊಟ್ಟೆ ಹಿಡಿಸುವ ಇಟ್ಟಿಗೆಯ ಒಲೆಮನೆಗಳಾದವು. ಅಲ್ಲಿ ಉಷ್ಣಮಾಪಕ ಇರಲಿಲ್ಲ. ಕೆಲಸಗಾರ ಮೊಟ್ಟೆಯನ್ನು ತನ್ನ ಕಣ್ಣರೆಪ್ಪೆಗೆ ತಗುಲಿಸಿ ಶಾಖ ಸಾಕೇ ಬೇಕೇ ಎಂದು ಹೇಳುತ್ತಿದ್ದ. ಈ ವಿದ್ಯೆ ತಂದೆಯಿಂದ ಮಗನಿಗೆ ಬರುತ್ತಿತ್ತೇ ಹೊರತು ಪುಸ್ತಕದಿಂದಲ್ಲ.

ಅದನ್ನು ಪುಸ್ತಕಕ್ಕೆ ಇಳಿಸಲು ಹೊರಟವನು ಫ್ರಾನ್ಸಿನ ರೋಮ್ಯೂರ್. ಉಷ್ಣಮಾಪಕದಿಂದ ಹೆಸರಾದ ಈ ವಿಜ್ಞಾನಿ ಕುದುರೆ ಲದ್ದಿಯ ನಡುವೆ ಪೀಪಾಯಿ ಹೂತು ಮೊಟ್ಟೆಗಳಿಗೆ ಕಾವು ಕೊಟ್ಟು, 1749ರಲ್ಲಿ ತನ್ನ ಗ್ರಂಥವನ್ನು ಹೊರತಂದ. ಉಪಾಯ ಬಲ್ಲವನಿಗೂ ಬೇಸರವಾಗುವ ಕೆಲಸವದು. ರಾತ್ರಿಯೆಲ್ಲ ಯಾರಾದರೂ ಎದ್ದು ಶಾಖವನ್ನು ನೋಡುತ್ತಿರಬೇಕು. ಈ ಕಾವಲಿನಿಂದ ಬಿಡುಗಡೆ ಕೊಟ್ಟದ್ದು 1881ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಹಿಯರ್ಸನ್. ಕೋಳಿಯ ಮೈಶಾಖದ ಹತ್ತಿರ ಕುದಿಯುವ ದ್ರವವನ್ನು ತೆಳ್ಳನೆಯ ಲೋಹದ ಬಿಲ್ಲೆಯೊಳಗೆ ಮುಚ್ಚಿ ಮೊಟ್ಟೆಗಳ ಮೇಲಿಟ್ಟ. ಶಾಖ ಏರಿದರೆ ಬಿಲ್ಲೆ ಉಬ್ಬಿ, ಸನ್ನೆಯನ್ನೆತ್ತಿ, ದೀಪದ ಬಿಸಿಯನ್ನು ಹೊರಗೆ ಬಿಡುತ್ತಿತ್ತು. ಇಳಿದರೆ ತಾನೇ ಮುಚ್ಚುತ್ತಿತ್ತು. ಇಂದಿನ ವಿದ್ಯುತ್ ಇನ್‌ಕ್ಯುಬೇಟರುಗಳು ಸುಮಾರು 37.5 ಡಿಗ್ರಿಯನ್ನು ಕಾಯುವುದೂ ಅದೇ ತತ್ತ್ವದ ಮುಂದುವರಿಕೆ. ಸಾಧಾರಣ ಕೋಳಿಗೆ 21 ದಿನ. ಪುಟ್ಟ ಮೊಟ್ಟೆಗಳು ಒಮ್ಮೊಮ್ಮೆ ಒಂದು ದಿನ ಮುಂಚೆಯೇ ಒಡೆಯುತ್ತವೆ.

ಯಂತ್ರ ಸುಧಾರಿಸಿತು, ನಂಬಿಕೆಯ ಪ್ರಶ್ನೆ ಸುಧಾರಿಸಲಿಲ್ಲ. ಮರಿ ಕಂಡು ಕೊಂಡವನಿಗೆ ಮೋಸವಿಲ್ಲ. ಮೊಟ್ಟೆ ಕೊಂಡವನು ಬರಿಯ ಮಾತನ್ನು ಕೊಂಡಂತೆ. ಅಮೆರಿಕದಲ್ಲಿ 1849ರ ನವೆಂಬರಿನ ಬಾಸ್ಟನ್ ಪ್ರದರ್ಶನದ ಬಳಿಕ ಜನಕ್ಕೆ ಕೋಳಿಯ ಹುಚ್ಚೇ ಹಿಡಿಯಿತು. ಜಾರ್ಜ್ ಬರ್ನ್‌ಹ್ಯಾಮ್ ಎಂಬ ಚತುರ ವ್ಯಾಪಾರಿ ವಿಕ್ಟೋರಿಯಾ ರಾಣಿಗೇ ಕೋಳಿಗಳನ್ನು ಕಾಣಿಕೆ ಕಳಿಸಿ ಬೇಕಾದಷ್ಟು ಪ್ರಚಾರ ಗಿಟ್ಟಿಸಿದ. ಹುಚ್ಚು ಇಳಿದಾಗ, 1855ರಲ್ಲಿ, ಆ ‘ಕೋಳಿ ಜ್ವರ’ದ ಚರಿತ್ರೆಯನ್ನು ತಾನೇ ಬರೆದು ಕೊಂಡವರನ್ನೂ ಮಾರಿದವರನ್ನೂ ಗೇಲಿ ಮಾಡಿದ. ಪುಸ್ತಕವನ್ನೂ ಮಾರಿದ ಎಂಬುದು ಬೇರೆ ಮಾತು.

ಮರಿಯಾಗದಿದ್ದರೆ ತಪ್ಪು ಯಾರದು? ಮಾರಿದವನು ದಾರಿಯನ್ನು ದೂರುತ್ತಾನೆ, ಕೊಂಡವನು ಮಾರಿದವನನ್ನು. ಒಡೆಯದೆ ಉಳಿದ ಮೊಟ್ಟೆ ಮಾತ್ರ ಸಾಕ್ಷಿ ಹೇಳಬಲ್ಲದು. ಏಳನೆಯ ದಿನ ಕತ್ತಲಲ್ಲಿ ದೀಪಕ್ಕೆ ಹಿಡಿದರೆ ಜೀವವಿದ್ದಲ್ಲಿ ಕೆಂಪು ನರಗಳ ಬಲೆ ಕಾಣುತ್ತದೆ. ಏನೂ ಕಾಣದಿದ್ದರೆ ಒಡೆದು ನೋಡಬೇಕು. ಬಿಲ್ಲೆ ಬೆಳೆದ ಗುರುತೇ ಇಲ್ಲದಿದ್ದರೆ ಹುಂಜದ ಮೇಲೆ ಸಂಶಯ. ರಕ್ತದ ಉಂಗುರವಿದ್ದರೆ ಪಿಂಡ ಹುಟ್ಟಿ ಸತ್ತಿದೆ. ಆಗ ದಾರಿಯನ್ನೋ ಶಾಖವನ್ನೋ ವಿಚಾರಿಸಬೇಕು. ಪೂರ್ತಿ ಬೆಳೆದ ಮರಿ ಚಿಪ್ಪಿನೊಳಗೇ ಸತ್ತಿದ್ದರೆ ಕೊಂಡವನು ಮೊದಲು ತನ್ನ ಯಂತ್ರವನ್ನೇ ನೋಡಿಕೊಳ್ಳುವುದು ಲೇಸು.

ಗೂಡಿನಲ್ಲಿ ಇನ್ನೊಂದು ಕಾಯುವಿಕೆಯೂ ಇದೆ. ಮೊದಲು ಹುಟ್ಟಿದ ಮರಿ ಕೊನೆಯದು ಹುಟ್ಟುವ ತನಕ ಹಸಿದಿರಬೇಕಲ್ಲ. ಅದಕ್ಕಾಗಿ ಉಳಿದ ಹಳದಿಯನ್ನು ಹೊಟ್ಟೆಯೊಳಗೆ ಸೇರಿಸಿಕೊಂಡೇ ಹುಟ್ಟುತ್ತದೆ. ಎರಡು ಮೂರು ದಿನಕ್ಕೆ ಆ ಬುತ್ತಿ ಸಾಕು. ಅಮೆರಿಕದ ಅಂಚೆ ಇಲಾಖೆ 1918ರಲ್ಲಿ ಒಂದು ದಿನದ ಮರಿಗಳನ್ನು ಸ್ವೀಕರಿಸಲೊಪ್ಪಿದ್ದು ಈ ಬುತ್ತಿಯ ಬಲದಿಂದ. ದೊಡ್ಡ ಮರಿಕೇಂದ್ರಗಳು ಆ ದಾರಿಯನ್ನು ಹಿಡಿದವು. ಆದರೆ ಮರಿಗಳು ಒಂದನ್ನೊಂದು ಒತ್ತಿಕೊಂಡು ಬೆಚ್ಚಗಿರಬೇಕಾದರೆ ಪೆಟ್ಟಿಗೆ ತುಂಬ ಮರಿ ಬೇಕು. ಹಿತ್ತಿಲಲ್ಲಿ ಮೂರು ಹೇಂಟೆ, ಒಂದು ಹುಂಜ ಸಾಕಿದ ಬಾಂಟಮ್ ಹವ್ಯಾಸಿ ಅಷ್ಟನ್ನು ಎಲ್ಲಿಂದ ತರಬೇಕು? ಅವನು ಈಗಲೂ ಆರೋ ಎಂಟೋ ಮೊಟ್ಟೆಗಳನ್ನು ಒಂದೊಂದಾಗಿ ಸುತ್ತಿ, ಪೆಟ್ಟಿಗೆಯಲ್ಲಿಟ್ಟು, ದಪ್ಪತುದಿ ಮೇಲಿದೆಯೇ ಎಂದು ಮತ್ತೊಮ್ಮೆ ನೋಡಿ ಕಳಿಸಿಕೊಡುತ್ತಾನೆ.