ಒಂಬತ್ತು ಅಕ್ಷರದೊಳಗೊಂದು ಹೆಸರು

2002ರ ಒಂದು ಸಂಜೆ ಧಾರವಾಡದ ಸೈಬರ್ ಕೆಫೆಯೊಂದರಲ್ಲಿ, ಗಂಟೆಗೆ ಮೂವತ್ತು ರೂಪಾಯಿ ಲೆಕ್ಕದಲ್ಲಿ ಕೂತು, ನನ್ನ ಮೊದಲ ಮೇಲ್ ಐಡಿ ಮಾಡಿಕೊಂಡೆ. ನನ್ನ ಹೆಸರು ಟೈಪು ಮಾಡಿದೆ. ಅದು ಆಗಲೇ ಬೇರೆಯವರ ಪಾಲಾಗಿದೆ ಅಂದಿತು ಪರದೆ. ಹೆಸರಿಗೆ ಊರು ಸೇರಿಸಿದೆ, ಅದೂ ಹೋಗಿತ್ತು. ಇನಿಷಿಯಲ್ಲನ್ನು ಹಿಂದಿಟ್ಟು ನೋಡಿದೆ, ಮುಂದಿಟ್ಟು ನೋಡಿದೆ. ಕೊನೆಗೆ ಪರದೆಯೇ ಕನಿಕರಪಟ್ಟು ಮೂರು ಹೆಸರು ಸೂಚಿಸಿತು, ಮೂರಕ್ಕೂ ಅಂಕಿಯ ಬಾಲ. ಅಷ್ಟರಲ್ಲಿ ಹದಿನೈದು ರೂಪಾಯಿ ಕರಗಿತ್ತು, ಬೆನ್ನ ಹಿಂದೆ ಇಬ್ಬರು ಪಾಳಿಗೆ ನಿಂತಿದ್ದರು. 2002 ಎಂದು ಮುಗಿಯುವುದನ್ನು ಒತ್ತಿಬಿಟ್ಟೆ. ಈಗಲೂ ಬ್ಯಾಂಕಿನ ಕಾಗದದಿಂದ ಹಿಡಿದು ಗ್ಯಾಸಿನ ಬುಕಿಂಗಿನ ತನಕ ಆ ಬಾಲ ನನ್ನ ಹಿಂದೆಯೇ ಇದೆ. ಅದನ್ನು ಹುಟ್ಟಿದ ವರ್ಷ ಅಂದುಕೊಂಡು ನನಗಿಂತ ಕಿರಿಯರೊಬ್ಬರು ಈಚೆಗೆ ‘ತಮ್ಮಾ’ ಎಂದು ಪತ್ರ ಬರೆದಿದ್ದರು.

ನಮ್ಮ ಕಡೆ ಅಡ್ಡಹೆಸರು ಅಂದರೆ ಮನೆತನದ ಹೆಸರು: ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಅಂಗಡಿ. ಮೈಸೂರು ಕಡೆ ಅದೇ ಮಾತಿಗೆ ಗೆಳೆಯರು ಚೇಷ್ಟೆಗೆ ಕಟ್ಟಿದ ಹೆಸರು ಎಂಬ ಅರ್ಥ. ಎರಡರಲ್ಲೂ ಹೆಸರಿಡುವವರು ಬೇರೆಯವರು. ಯಾರ ಮುತ್ತಜ್ಜನೂ ತಾನಾಗಿ ಮುಂದೆ ಬಂದು ‘ನನ್ನನ್ನು ಉಳ್ಳಾಗಡ್ಡಿ ಅನ್ನಿ’ ಎಂದಿರಲಾರ. ಇಂಟರ್‌ನೆಟ್ಟಿನ ಹೆಸರು ಮಾತ್ರ ಪೂರ್ತಿ ನಮ್ಮ ಆಯ್ಕೆ ಎನ್ನುವುದು ವಾಡಿಕೆ. ಅದರ ಚರಿತ್ರೆಯ ಎಳೆ ಹಿಡಿದು ಬಂದರೆ ಈ ಮಾತು ಅರ್ಧದಷ್ಟೇ ನಿಜ ಅನ್ನಿಸುತ್ತದೆ. ಉಳಿದರ್ಧವನ್ನು ಆರಿಸುವುದು ಹೆಸರು ತುಂಬುವ ಆ ಚೌಕ. ಎಷ್ಟು ಅಕ್ಷರ ಹಿಡಿಸುತ್ತದೆ, ಯಾವ ಲಿಪಿ ನಡೆಯುತ್ತದೆ, ಒಂದೇ ಹೆಸರು ಇಬ್ಬರಿಗೆ ಇರಬಹುದೋ ಇಲ್ಲವೋ ಎಂಬುದೆಲ್ಲ ಅದರ ಕೈಯಲ್ಲಿದೆ.

ಕಂಪ್ಯೂಟರಿಗೂ ಮೊದಲು ಈ ಆಟ ಶುರುವಾಗಿತ್ತು. 19ನೆಯ ಶತಮಾನದ ತಂತಿ ಆಪರೇಟರುಗಳು ತಮ್ಮ ಪೂರ್ತಿ ಹೆಸರನ್ನು ಕುಟ್ಟುತ್ತಾ ಕೂರುತ್ತಿರಲಿಲ್ಲ. ಒಂದೋ ಎರಡೋ ಅಕ್ಷರದ ಗುರುತು ಇಟ್ಟುಕೊಂಡಿದ್ದರು. ಎಲ್ಲಾ ಚೀವರ್ ಥೇಯರ್ 1879ರಲ್ಲಿ ಬರೆದ ‘ವೈರ್ಡ್ ಲವ್’ ಕಾದಂಬರಿಯಲ್ಲಿ ‘ಎನ್’ ಎಂಬ ಆಪರೇಟರ್ ಹುಡುಗಿಗೂ ‘ಸಿ’ ಎಂಬ ಆಪರೇಟರಿಗೂ ತಂತಿಯ ಮೇಲೆಯೇ ಒಲವು ಬೆಳೆಯುತ್ತದೆ. ನಡುವೆ ಒಬ್ಬ ಒರಟ ‘ನಾನೇ ಸಿ’ ಎಂದು ಹೇಳಿಕೊಂಡು ಬಂದು ನಿಲ್ಲುತ್ತಾನೆ. ಹೆಸರಿನ ಹಿಂದೆ ಯಾರೂ ಅಡಗಬಹುದು ಎಂಬ ಭಯ ಈಗಿನದಲ್ಲ, ಒಂದೂವರೆ ಶತಮಾನದ್ದು.

ಆಮೇಲೆ ಬಂದದ್ದು ಅಮೆರಿಕದ ಲಾರಿ ಚಾಲಕರ ಸಿ.ಬಿ. ರೇಡಿಯೊ. 1973ರ ತೈಲ ಬಿಕ್ಕಟ್ಟಿನ ನಂತರ ಅಲ್ಲಿ ಗಂಟೆಗೆ 55 ಮೈಲಿಯ ವೇಗಮಿತಿ ಹೇರಿದರು. ಮುಂದೆ ಪೊಲೀಸರು ನಿಂತಿದ್ದಾರೆ ಎಂದು ಒಬ್ಬರಿಗೊಬ್ಬರು ಎಚ್ಚರಿಸಬೇಕು, ಆದರೆ ಹೇಳಿದ್ದು ಯಾರೆಂದು ತಿಳಿಯಬಾರದು. ಲೈಸೆನ್ಸಿನ ಸಂಕೇತಸಂಖ್ಯೆ ಬಿಟ್ಟು ಪ್ರತಿಯೊಬ್ಬರೂ ಒಂದು ‘ಹ್ಯಾಂಡಲ್’ ಇಟ್ಟುಕೊಂಡರು. ಈ ಗೀಳು ಎಲ್ಲಿಯವರೆಗೆ ಹಬ್ಬಿತೆಂದರೆ 1976ರಲ್ಲಿ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಕೂಡ ‘ಫಸ್ಟ್ ಮಾಮಾ’ ಎಂಬ ಹೆಸರಲ್ಲಿ ರೇಡಿಯೊಗೆ ಬಂದರು. (ನಮ್ಮ ಕಿವಿಗೆ ಅದು ಸೋದರಮಾವನನ್ನು ಕರೆದಂತೆ ಕೇಳಿಸುತ್ತದೆ. ಅಲ್ಲಿ ತಾಯಿ ಎಂದರ್ಥ.) ಹ್ಯಾಂಡಲ್ ಎಂಬ ಪದ ಇಂದಿನ ಫೋನಿಗೆ ಬಂದಿಳಿದದ್ದು ಈ ಲಾರಿಗಳನ್ನು ಹತ್ತಿ.

ಅತ್ತ ವಿಶ್ವವಿದ್ಯಾಲಯ, ಪ್ರಯೋಗಾಲಯಗಳ ಯುನಿಕ್ಸ್ ಯಂತ್ರಗಳಲ್ಲಿ ಮೋಜಿಗೆ ಜಾಗವಿರಲಿಲ್ಲ. ಲಾಗಿನ್ ಹೆಸರು ಎಂಟು ಅಕ್ಷರ ಮೀರುವಂತಿರಲಿಲ್ಲ. ಯುನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಬರೀ ‘ಕೆನ್’ ಆದರು, ಡೆನಿಸ್ ರಿಚಿ ‘ಡಿಎಂಆರ್’ ಆದರು, ರಿಚರ್ಡ್ ಸ್ಟಾಲ್ಮನ್ ಇವತ್ತಿಗೂ ‘ಆರ್‌ಎಂಎಸ್’. ಅನಕೃ, ತರಾಸು, ವಿಸೀ ಎಂದು ಓದಿ ಬೆಳೆದ ನಮಗೆ ಇದರಲ್ಲಿ ಹೊಸದೇನೂ ಕಾಣದು. ಆದರೆ ನಮ್ಮವರು ಕಿವಿಗೆ ಇಂಪಾಗಲೆಂದು ಚುಟುಕಾಗಿಸಿದರು, ಅವರು ಯಂತ್ರದ ಜಿಪುಣತನಕ್ಕೆ ಬಗ್ಗಿ ಚುಟುಕಾದರು.

ಇಂದಿನ ಅರ್ಥದ ನಿಕ್‌ನೇಮ್ ಬೆಳೆದ ಮನೆ ಐಆರ್‌ಸಿ. ಫಿನ್ಲೆಂಡಿನ ಊಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯ್ಕಾರಿನೆನ್ 1988ರ ಆಗಸ್ಟಿನಲ್ಲಿ ಶುರುಮಾಡಿದ ಹರಟೆ ವ್ಯವಸ್ಥೆ ಅದು. 1993ರಲ್ಲಿ ಬರಹಕ್ಕಿಳಿದ ಅದರ ನಿಯಮಾವಳಿಯ ಪ್ರಕಾರ ನಿಕ್ ಎಂದರೆ ಹೆಚ್ಚೆಂದರೆ ಒಂಬತ್ತು ಅಕ್ಷರ, ಅಂಕಿಯಿಂದ ಶುರುವಾಗಬಾರದು, ಆವರಣ ಚಿಹ್ನೆಗಳು ನಡೆಯುತ್ತವೆ. ಒಂದು ವಿಚಿತ್ರವೂ ಇತ್ತು. ಚೌಕ ಆವರಣವನ್ನೂ ಬಳ್ಳಿ ಆವರಣವನ್ನೂ ಯಂತ್ರ ಒಂದೇ ಅಕ್ಷರದ ದೊಡ್ಡ ರೂಪ, ಸಣ್ಣ ರೂಪ ಎಂದು ಎಣಿಸುತ್ತಿತ್ತು. ಅಂದಿನ ಫಿನ್ಲೆಂಡ್, ಸ್ವೀಡನ್ನಿನ ಪರದೆಗಳಲ್ಲಿ ಆ ಸಂಕೇತಗಳ ಜಾಗದಲ್ಲಿ ಅವರ ಚುಕ್ಕಿಯಿಟ್ಟ ಸ್ವರಗಳು ಮೂಡುತ್ತಿದ್ದವು, ಕಾರಣ ಅಷ್ಟೇ. ಊಲುವಿನವರು ತಮ್ಮ ಲಿಪಿಗೆಂದು ತೆರೆದಿಟ್ಟ ಕಿಂಡಿಯಲ್ಲಿ ಜಗತ್ತಿನ ಹುಡುಗರೆಲ್ಲ ನುಗ್ಗಿ ತಮ್ಮ ನಿಕ್‌ಗಳಿಗೆ ಆವರಣಗಳ ಕೋಡು ಕಟ್ಟಿದರು. ಸ್ವಂತ ಲಿಪಿಯನ್ನು ಮರೆಯದ ಒಬ್ಬ ಎಂಜಿನಿಯರ್ ಆರಂಭದಲ್ಲೇ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದನ್ನು ನೆನಪಿಟ್ಟುಕೊಂಡಿರಿ, ಕೊನೆಗೆ ಬೇಕಾಗುತ್ತದೆ.

ಐಆರ್‌ಸಿಯಲ್ಲಿ ಹೆಸರು ಸ್ಥಿರಾಸ್ತಿಯಲ್ಲ. ಬಸ್ಸಿನ ಸೀಟಿನಂತೆ, ಎದ್ದು ಹೋದರೆ ಇನ್ನೊಬ್ಬರು ಕೂರಬಹುದು. ಸರ್ವರ್‌ಗಳ ನಡುವಿನ ಕೊಂಡಿ ಕಳಚಿ ಮತ್ತೆ ಸೇರಿದಾಗ ಎರಡೂ ಕಡೆ ಒಂದೇ ನಿಕ್ ಕಂಡರೆ ಯಂತ್ರ ಇಬ್ಬರನ್ನೂ ಹೊರದಬ್ಬುತ್ತಿತ್ತು. ಕಿಡಿಗೇಡಿಗಳು ಇದನ್ನೇ ಆಯುಧ ಮಾಡಿಕೊಂಡರು. ಹೆಸರನ್ನು ಕಾದಿಡುವ ‘ನಿಕ್‌ಸರ್ವ್’ ಎಂಬ ಕಾವಲುಗಾರ ಹುಟ್ಟಿದ್ದು ಇಂಥ ಜಗಳಗಳಿಂದ. ಹೆಸರು ಸಿಗದಿದ್ದರೆ ಕೊನೆಗೊಂದು ಅಡಿಗೆರೆ ಎಳೆದು ಒಳಹೋಗುವ ಪದ್ಧತಿಯೂ ಅಲ್ಲಿ ಬಲವಾಯಿತು.

ವಿದ್ವಾಂಸರ ಕಣ್ಣು ಇತ್ತ ಹೊರಳಿದ್ದು 1990ರ ದಶಕದ ನಡುವಿನಲ್ಲಿ. ಇಂಟರ್‌ನೆಟ್ಟಿನಲ್ಲಿ ನೀವು ನಾಯಿ ಎಂಬುದು ಯಾರಿಗೂ ಗೊತ್ತಾಗದು ಎಂಬ ಪೀಟರ್ ಸ್ಟೈನರ್ ವ್ಯಂಗ್ಯಚಿತ್ರ ‘ನ್ಯೂಯಾರ್ಕರ್’ನಲ್ಲಿ ಬಂದದ್ದು 1993ರ ಜುಲೈನಲ್ಲಿ. ಹೆಸರು ಎಂದರೆ ಮುಖವಾಡ ಎಂಬ ನಂಬಿಕೆ ಅಂದು ಗಾಳಿಯಲ್ಲೇ ಇತ್ತು. ಇಸ್ರೇಲಿನ ಹಾಯಾ ಬೆಖಾರ್-ಇಸ್ರೇಲಿ 1995ರಲ್ಲಿ ಐಆರ್‌ಸಿಯ 260 ನಿಕ್‌ಗಳನ್ನು ಹರವಿಕೊಂಡು ಕೂತಾಗ ಕಂಡದ್ದು ಬೇರೆ. ಹತ್ತಿರ ಹತ್ತಿರ ಅರ್ಧದಷ್ಟು ಹೆಸರುಗಳು ಹೇಗೋ ಆ ವ್ಯಕ್ತಿಯನ್ನೇ ಕುರಿತವಾಗಿದ್ದವು: ಸ್ವಭಾವ, ರೂಪ, ಕಸುಬು, ಮನಸ್ಥಿತಿ. ಸ್ವಂತ ಹೆಸರನ್ನೇ ಇಟ್ಟವರು ಹತ್ತರಲ್ಲಿ ಒಬ್ಬರೂ ಇಲ್ಲ. ಅಶ್ಲೀಲ, ಪ್ರಚೋದಕ ಹೆಸರುಗಳು ಬೆರಳೆಣಿಕೆಯವು. ಇನ್ನೂ ಮುಖ್ಯವಾದದ್ದು, ನಿಮಿಷಕ್ಕೊಂದು ಹೆಸರು ಬದಲಿಸಲು ಬರುತ್ತಿದ್ದ ಜಾಗದಲ್ಲಿ ಬಹುಪಾಲು ಜನ ಒಂದೇ ಹೆಸರಿಗೆ ಅಂಟಿಕೊಂಡಿದ್ದರು. ಬೇರೆಯವರು ಅದನ್ನು ಎತ್ತಿಕೊಂಡರೆ ಕೆರಳುತ್ತಿದ್ದರು. ಈ ಕ್ಷೇತ್ರದ ಆಮೇಲಿನ ಎಷ್ಟೋ ಪ್ರಬಂಧಗಳಿಗಿಂತ ನನಗೆ ಈ ಸಣ್ಣ ಅಧ್ಯಯನವೇ ಹೆಚ್ಚು ಕೆಲಸದ್ದು ಅನ್ನಿಸುತ್ತದೆ. ಏಕೆಂದರೆ ಅದು ಸಿದ್ಧಾಂತ ಹೊಸೆಯುವ ಮೊದಲು ಹೆಸರುಗಳನ್ನು ಎಣಿಸಿತು.

ಆದರೆ ಎಣಿಕೆಗೆ ಸಿಗದ ಒಂದು ಸಂಗತಿಯಿದೆ: ಯಾರಿಗೆ ಆಡುವ ಸ್ವಾತಂತ್ರ್ಯವಿದೆ, ಯಾರಿಗೆ ಅಡಗುವ ಅನಿವಾರ್ಯವಿದೆ? ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು 2006ರಲ್ಲಿ ಐಆರ್‌ಸಿಗೆ ಗಂಡು ಹೆಸರಿನ, ಹೆಣ್ಣು ಹೆಸರಿನ ಬಾಟ್‌ಗಳನ್ನು (ಮನುಷ್ಯರ ವೇಷದ ಪ್ರೋಗ್ರಾಮುಗಳನ್ನು) ಬಿಟ್ಟು ಸುಮ್ಮನೆ ಕೂರಿಸಿದರು. ಹೆಣ್ಣು ಹೆಸರುಗಳಿಗೆ ದಿನಕ್ಕೆ ಸರಾಸರಿ ನೂರು ಬೆದರಿಕೆಯ ಅಥವಾ ಅಸಭ್ಯ ಸಂದೇಶ ಬಂದವು. ಗಂಡು ಹೆಸರುಗಳಿಗೆ ನಾಲ್ಕಕ್ಕಿಂತ ಕಡಿಮೆ. ಬಾಟ್‌ಗಳು ತುಟಿ ಬಿಚ್ಚಿರಲೇ ಇಲ್ಲ. ಎಷ್ಟೋ ಹುಡುಗಿಯರು ಹೂವಿನ ಹೆಸರು ಬಿಟ್ಟು ಕಲ್ಲು, ಮೋಡ, ಅಂಕಿಗಳ ಹೆಸರು ಹಿಡಿದದ್ದನ್ನು ‘ಸೃಜನಶೀಲತೆ’ ಎಂದು ಕರೆಯುವವರು ಈ ಲೆಕ್ಕವನ್ನು ನೋಡಬೇಕು.

ಮೇಲ್ ಐಡಿಗಳ ಕಾಲದಲ್ಲಿ ಇಕ್ಕಟ್ಟು ಬೇರೆ ಬಗೆಯದಾಯಿತು. ಜಾಗ ಸಾಕಷ್ಟಿತ್ತು, ಹೆಸರುಗಳೇ ಮುಗಿದಿದ್ದವು. ಕೋಟಿಗಟ್ಟಲೆ ಜನರಲ್ಲಿ ಒಂದು ಹೆಸರು ಒಬ್ಬರಿಗೇ. ಹುಟ್ಟಿದ ಇಸವಿ, ಲಕ್ಕಿ ನಂಬರು, ರೋಲ್ ನಂಬರು ಎಲ್ಲ ಬಾಲಗಳಾದವು. ಜರ್ಮನಿಯ ಮಿತ್ಯಾ ಬಾಕ್ ಮತ್ತು ಸಂಗಡಿಗರು 2008ರಲ್ಲಿ 599 ಯುವಜನರ ಮೇಲ್ ವಿಳಾಸಗಳನ್ನಷ್ಟೇ ನೂರು ಮಂದಿಗೆ ತೋರಿಸಿ, ಇವರು ಎಂಥವರು ಹೇಳಿ ಎಂದರು. ‘ಹನಿ ಬನ್ನಿ 77’ ಎಂಬ ವಿಳಾಸ ಪ್ರಬಂಧದ ತಲೆಬರಹಕ್ಕೇ ಏರಿತು. ಮುಖ ಕಾಣದ ಆ ನೂರು ಮಂದಿಯ ಊಹೆ ಒಂದಕ್ಕೊಂದು ಹೊಂದಿತು, ಅಷ್ಟೇ ಅಲ್ಲ, ಬಹುಮಟ್ಟಿಗೆ ಸರಿಯೂ ಇತ್ತು. ತಪ್ಪಿದ್ದು ಒಂದೇ ಕಡೆ: ಯಾರು ಜನರೊಡನೆ ಸಲೀಸಾಗಿ ಬೆರೆಯುತ್ತಾರೆ ಎಂಬುದನ್ನು ವಿಳಾಸ ಹೇಳಲಿಲ್ಲ. ನನ್ನ 2002 ಅನ್ನು ಅವರ ಕೈಗೆ ಕೊಟ್ಟಿದ್ದರೆ ಏನು ಹೇಳುತ್ತಿದ್ದರೋ. ಕೆಫೆಯ ಬಿಲ್ಲಿಗೆ ಹೆದರುವ ಆಸಾಮಿ ಎಂದು ಕಂಡುಹಿಡಿದಿದ್ದರೆ ಶಹಬ್ಬಾಸ್ ಅನ್ನಬಹುದಿತ್ತು.

ಆಮೇಲಿನ ಹತ್ತು ವರ್ಷ ನಿಜನಾಮದ ಹಟದ್ದು. ಫೇಸ್‌ಬುಕ್ ಮೊದಲಿನಿಂದಲೂ ಅಸಲಿ ಹೆಸರನ್ನೇ ಕೇಳುತ್ತಿತ್ತು. 2011ರಲ್ಲಿ ಬಂದ ಗೂಗಲ್ ಪ್ಲಸ್ ಅದೇ ದಾರಿ ಹಿಡಿದು, ಹೆಸರು ಹಿಡಿಸದ ಖಾತೆಗಳನ್ನು ಮುಚ್ಚತೊಡಗಿದಾಗ ಎದ್ದ ಗಲಾಟೆಗೆ ‘ನಿಮ್‌ವಾರ್ಸ್’ ಎಂಬ ಹೆಸರೇ ಬಿತ್ತು. ಮೂರು ವರ್ಷದ ನಂತರ ಗೂಗಲ್ ನಿರ್ಬಂಧ ತೆಗೆಯಿತು. 2011ರಲ್ಲೇ ಫೇಸ್‌ಬುಕ್ ಸಲ್ಮಾನ್ ರಶ್ದಿಯವರ ಖಾತೆ ಮುಚ್ಚಿ, ಪಾಸ್‌ಪೋರ್ಟ್ ಕೇಳಿ, ಅದರಲ್ಲಿದ್ದ ‘ಅಹ್ಮದ್’ ಎಂಬ ಮೊದಲ ಹೆಸರನ್ನು ಅವರ ತಲೆಗೆ ಕಟ್ಟಿತು. ಜಗತ್ತು ಅವರನ್ನು ಎಂದೂ ಹಾಗೆ ಕರೆದಿರಲಿಲ್ಲ. ಅವರು ಟ್ವಿಟರಿನಲ್ಲಿ ರೇಗಿದ ಮೇಲೆ ಸಲ್ಮಾನ್ ಮರಳಿ ಬಂದರು. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ತಾಣಗಳಿಗೆ ನಿಜನಾಮವನ್ನು ಕಾನೂನಾಗಿಯೇ ಹೇರಿತ್ತು. 2011ರಲ್ಲಿ ಅಲ್ಲಿನ ಒಂದು ಸಂಸ್ಥೆಯಿಂದ ಮೂರೂವರೆ ಕೋಟಿ ಬಳಕೆದಾರರ ವಿವರ ಕಳವಾಯಿತು. ಮರುವರ್ಷ ಸಂವಿಧಾನ ನ್ಯಾಯಾಲಯ ಆ ಕಾನೂನನ್ನೇ ಹೊಡೆದುಹಾಕಿತು.

ನಮ್ಮಲ್ಲಿ ಈ ಹಟ ಯಾವ ಚಳವಳಿಯನ್ನೂ ಹುಟ್ಟಿಸಲಿಲ್ಲ, ಒಂದು ಹೊಸ ನಾಮಪದ್ಧತಿಯನ್ನು ಹುಟ್ಟಿಸಿತು. ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಚೌಕ, ಎರಡನ್ನೂ ತುಂಬಲೇಬೇಕು. ಹಳೇ ಮೈಸೂರಿನ ಹುಡುಗನಿಗೆ ಇರುವುದು ಒಂದು ಹೆಸರು, ಮುಂದೆ ಎರಡು ಇನಿಷಿಯಲ್. ಅವನು ಹೆಚ್ಚು ಯೋಚಿಸಲಿಲ್ಲ. ‘ಮಂಜುನಾಥ ಮಂಜು’ ಆದ. ‘ರವಿ ರವಿ’ ಆದ. ಮನೆಯಲ್ಲಿ ಕರೆಯುವ ಹೆಸರು ಕೊನೆಯ ಚೌಕಕ್ಕೆ ಹೋಗಿ ಮನೆತನವಾಯಿತು. ನೂರಿನ್ನೂರು ವರ್ಷದ ಕೆಳಗೆ ನಮ್ಮ ಕಡೆಯ ಊರುಗಳಲ್ಲಿ ನಿಧಾನಕ್ಕೆ ನಡೆದಿರಬಹುದಾದ ಕೆಲಸ ಇಲ್ಲಿ ಒಂದು ಫಾರ್ಮಿನ ಮುಂದೆ ಅರ್ಧ ನಿಮಿಷದಲ್ಲಿ ಮುಗಿಯಿತು.

ಆಟದ ಲೋಕದಲ್ಲಿ ಮುಖವಾಡಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯದವರು 2016ರಲ್ಲಿ ‘ಲೀಗ್ ಆಫ್ ಲೆಜೆಂಡ್ಸ್’ ಆಟಗಾರರ ಹೆಸರುಗಳನ್ನು ಜಾಲಾಡಿ, ಹೊಲಸು ಹೆಸರು ಇಟ್ಟುಕೊಂಡವರು ಆಟದಲ್ಲೂ ಹೊಲಸಾಗಿ ನಡೆದುಕೊಳ್ಳುವುದು ಹೆಚ್ಚು ಎಂದು ತೋರಿಸಿದರು. ಇದನ್ನು ತಿಳಿಯಲು ವಿಶ್ವವಿದ್ಯಾಲಯ ಬೇಕಿತ್ತೇ ಎನ್ನಬಹುದು. ಹೆಸರಿನ ಬಾಲದ ಅಂಕಿಯಿಂದ ವಯಸ್ಸು ಅಂದಾಜು ಮಾಡಿದ್ದು ಮಾತ್ರ ಜಾಣತನ. ನನಗೆ ಕುತೂಹಲ ಹುಟ್ಟಿಸುವುದು ತಂಡದ ಎಲ್ಲರೂ ಹೆಸರಿಗೆ ಒಂದೇ ತುಣುಕು ಅಂಟಿಸಿಕೊಳ್ಳುವ ಕ್ಲಾನ್ ಟ್ಯಾಗ್. ವಿಜಯವಿಠಲ, ಗೋಪಾಲವಿಠಲ, ಜಗನ್ನಾಥವಿಠಲ ಎಂಬ ದಾಸರ ಅಂಕಿತಗಳ ಕಟ್ಟಡವೂ ಹೀಗೆಯೇ: ಮುಂದಿನದು ಒಬ್ಬರದು, ಹಿಂದಿನದು ಕೂಟದ್ದು. ಅಂಕಿತವನ್ನು ಗುರು ಕೊಡಬೇಕಿತ್ತು. ಟ್ಯಾಗನ್ನು ತಂಡದ ಮುಖಂಡ ಕೊಡಬೇಕು.

ಒಳ್ಳೆಯ ಹೆಸರುಗಳು ತೀರಿದ ಮೇಲೆ ಅವಕ್ಕೆ ಸೈಟಿನಂತೆ ಬೆಲೆ ಬಂತು. ‘ಎನ್’ ಎಂಬ ಒಂದೇ ಅಕ್ಷರದ ಟ್ವಿಟರ್ ಹ್ಯಾಂಡಲನ್ನು 2014ರಲ್ಲಿ ಅದರ ಒಡೆಯನನ್ನು ಬೆದರಿಸಿ ಕಿತ್ತುಕೊಂಡರು. 2023ರಲ್ಲಿ ಟ್ವಿಟರ್ ಕಂಪನಿ ತನ್ನ ಹೆಸರನ್ನೇ ‘ಎಕ್ಸ್’ ಎಂದು ಬದಲಿಸಿದಾಗ, ‘ಎಕ್ಸ್’ ಎಂಬ ಹ್ಯಾಂಡಲನ್ನು ವರ್ಷಗಳಿಂದ ಇಟ್ಟುಕೊಂಡಿದ್ದವನಿಂದ ಎತ್ತಿಕೊಂಡಿತು. ಡಿಸ್ಕಾರ್ಡ್ ಎಂಬ ಹರಟೆಯ ತಾಣ ಒಂದು ಚಂದದ ಉಪಾಯ ಮಾಡಿತ್ತು: ಒಂದೇ ಹೆಸರು ಎಷ್ಟೋ ಜನ ಇಟ್ಟುಕೊಳ್ಳಲಿ, ಹಿಂದೆ ನಾಲ್ಕಂಕಿಯ ಗುರುತಿರಲಿ. 2023ರಲ್ಲಿ ಅದೂ ಕೈಬಿಟ್ಟು ಒಬ್ಬರಿಗೊಂದು ಹೆಸರಿನ ಪದ್ಧತಿಗೆ ಬಂತು, ಅದೂ ಇಂಗ್ಲಿಷಿನ ಸಣ್ಣ ಅಕ್ಷರ, ಅಂಕಿ, ಚುಕ್ಕಿ, ಅಡಿಗೆರೆಗಳಲ್ಲಿ ಮಾತ್ರ.

ಲಿಪಿಯ ಮಾತು ಇಲ್ಲಿ ಬರುತ್ತದೆ. ಕನ್ನಡಕ್ಕೆ ಯುನಿಕೋಡಿನಲ್ಲಿ ಜಾಗ 1991ರಿಂದ ಇದೆ. ಆದರೂ ಇನ್‌ಸ್ಟಾಗ್ರಾಮ್, ಎಕ್ಸ್‌ಗಳ ಹ್ಯಾಂಡಲಿನಲ್ಲಿ ಕನ್ನಡ ನಡೆಯದು. ಅವರ ಕಾರಣ ಪೂರ್ತಿ ನೆಪವಲ್ಲ. ಕಣ್ಣಿಗೆ ಒಂದೇ ಥರ ಕಾಣುವ ಅಕ್ಷರಗಳಿಂದ ಮೋಸ ಸುಲಭ. 2013ರಲ್ಲಿ ಸ್ಪಾಟಿಫೈ ತಾಣದಲ್ಲಿ ಇಂಥ ಅಕ್ಷರಗಳ ಗೊಂದಲದಿಂದಲೇ ಬೇರೆಯವರ ಖಾತೆಯೊಳಗೆ ನುಗ್ಗಲು ಬರುತ್ತಿತ್ತು. ಆದರೆ ಊಲುವಿನಲ್ಲಿ ಆದದ್ದು ನೋಡಿದರೆ, ತಮ್ಮ ಅಕ್ಷರ ಬೇಕೆನ್ನುವವರು ಕಟ್ಟುವ ಜಾಗದಲ್ಲಿ ಇದ್ದಿದ್ದರೆ ಬೇರೆ ದಾರಿ ಸಿಗುತ್ತಿತ್ತು ಅನ್ನಿಸದೆ ಇರದು.

ಇಲ್ಲಿನ ಹುಡುಗರು ಕನ್ನಡದ ಬದಲು ಆರ್‌ಟಿಒ ನಂಬರು ಹಿಡಿದಿದ್ದಾರೆ. ಹೆಸರಿನ ಪಕ್ಕ ಕೆಎ 09 ಇದ್ದರೆ ಮೈಸೂರು, 19 ಆದರೆ ಮಂಗಳೂರು, 22 ಬೆಳಗಾವಿ, 32 ಕಲಬುರಗಿ. ಮೊಬೈಲ್ ಆಟಗಳಲ್ಲಿ ಹೆಸರಿನ ಎರಡೂ ಬದಿಗೆ ಬಳ್ಳಿಯಂಥ ಅಲಂಕಾರ ಇಡುತ್ತಾರಲ್ಲ, ಅದು ಇಂಡೊನೇಷ್ಯಾದ ಜಾವಾ ಲಿಪಿಯ ಚಿಹ್ನೆ. ಹಾಗೆಯೇ ಜಗತ್ತಿನ ಮೂಲೆಮೂಲೆಯವರು ಅಸಮಾಧಾನ ತೋರಿಸಲು ಬಳಸುವ ದುರುಗುಟ್ಟಿದ ಮುಖ ನಮ್ಮ ಠಕಾರ: ಎರಡು ಕಣ್ಣಿಗೆ ಎರಡು ಠ, ನಡುವೆ ಬಾಯಿಗೊಂದು ಅಡಿಗೆರೆ.

ತಂಗಿಯ ಮಗಳಿಗೆ ಹದಿನೈದು ವರ್ಷ. ಅವಳ ಹ್ಯಾಂಡಲಿನಲ್ಲಿ ಹೆಸರಿನ ಕೊನೆಯ ‘ಎ’ ಮೂರು ಸಲ ಇದೆ (‘ಒಂದು ಸಿಗಲಿಲ್ಲ, ಎರಡೂ ಸಿಗಲಿಲ್ಲ’), ಆಮೇಲೆ ಅಡಿಗೆರೆ, ಆಮೇಲೆ ನಮ್ಮ ಧಾರವಾಡದ 25. ಮೇಲಿನ ಸಾಲಿನಲ್ಲಿ, ಯಾವ ಲಿಪಿಯೂ ನಡೆಯುವ ಕಡೆ, ಇಂಗ್ಲಿಷಿನಲ್ಲಿ ಅವಳ ಹೆಸರು, ಪಕ್ಕದಲ್ಲಿ ಠ_ಠ. ಕನ್ನಡ ಹಾಕಿದ್ದೀಯಲ್ಲ ಎಂದು ಖುಷಿಯಿಂದ ಬೆರಳು ಮಾಡಿದೆ. ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಹೇಳಿದಳು: ‘ಮಾಮಾ, ಅದು ಠ ಅಲ್ಲ, ಸಿಟ್ಟಿನ ಮಾರಿ.’