ಹುತ್ತವೂ ಒಣನೆಲದ ನೀರೂ

ಮಳೆ ಸಾಲದ ನಾಡುಗಳಲ್ಲಿ ನೆಲವನ್ನು ಹದಗೊಳಿಸುವ ಪ್ರಾಣಿಗಳ ಪೈಕಿ ಗೆದ್ದಲಿಗೆ ಪ್ರಧಾನವಾದ ಸ್ಥಾನವು ಸಲ್ಲತಕ್ಕದ್ದು. ಓಲೆಗರಿಯ ಗ್ರಂಥಗಳನ್ನು ತಿಂದು ಹಾಳುಮಾಡಿದ ಹುಳುವಿಗೆ ಈ ಗೌರವವೇ ಎಂದು ವಿದ್ವಾಂಸರು ಶಂಕಿಸಬಹುದು. ಆದಕಾರಣ ಹುತ್ತವನ್ನು ಕುರಿತು ಪ್ರಾಚೀನರು ಹೇಳಿದುದೇನು, ಆಧುನಿಕರ ಪರೀಕ್ಷೆಯಿಂದ ಸಿದ್ಧವಾದುದೇನು ಎಂಬುದನ್ನು ಇಲ್ಲಿ ವಿವೇಚಿಸಲಾಗುವುದು.

ಕ್ರಿ. ಶ. 6ನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ದಕಾರ್ಗಲಾಧ್ಯಾಯವನ್ನು ಅಂತರ್ಜಲದ ಲಕ್ಷಣಗಳಿಗೆಂದೇ ಮೀಸಲಿಟ್ಟಿದ್ದಾನೆ. ನೇರಿಳೆಯ ಮರಕ್ಕೆ ಮೂಡಲಲ್ಲಿ ಸಮೀಪವಾಗಿ ಹುತ್ತವಿದ್ದರೆ, ಮರದ ತೆಂಕಣ ಪಾರ್ಶ್ವದಲ್ಲಿ ಎರಡು ಪುರುಷಪ್ರಮಾಣದ ಆಳದಲ್ಲಿ ಸಿಹಿನೀರು ದೊರೆಯುವುದೆಂಬುದು ಅಲ್ಲಿನ ವಿಧಿಗಳಲ್ಲೊಂದು. ತೋಳೆತ್ತಿ ನಿಂತ ಮನುಷ್ಯನ ಎತ್ತರವೇ ಒಂದು ಪುರುಷ. ಮರುದೇಶದ ಜಲಸಿರೆಗಳನ್ನು ಪ್ರತ್ಯೇಕವಾಗಿ ನಿರೂಪಿಸಿರುವುದರಿಂದ ಒಣನಾಡಿನ ವಿಚಾರವೂ ಆತನ ಗಮನದಲ್ಲಿದ್ದಿತೆಂಬುದು ಸ್ಪಷ್ಟ. ಸುಮಾರು 1025ರಲ್ಲಿ ಲೋಕೋಪಕಾರವನ್ನು ರಚಿಸಿದ ಚಾವುಂಡರಾಯನು ಈ ಜಲಶಾಸ್ತ್ರವನ್ನು ಕನ್ನಡದಲ್ಲಿ ನಿರೂಪಿಸಿದನು. ಗೊಮ್ಮಟೇಶ್ವರನನ್ನು ನಿಲ್ಲಿಸಿದ ಚಾವುಂಡರಾಯನು ಬೇರೆ, ಈತನು ಬೇರೆ.

ಪಾಶ್ಚಾತ್ಯರಲ್ಲಿ ಲಿನ್ನೇಯಸನ ಶಿಷ್ಯನೂ ತರಂಗಂಬಾಡಿಯ ವೈದ್ಯನೂ ಆಗಿದ್ದ ಕೋನಿಗನು 1779ರಲ್ಲಿ ದಕ್ಷಿಣ ಭಾರತದ ಗೆದ್ದಲನ್ನು ಕುರಿತು ಬರೆದನು. 1781ರಲ್ಲಿ ಸ್ಮೀತ್‌ಮನ್ನನು ಆಫ್ರಿಕದ ಗೆದ್ದಲನ್ನು ವರ್ಣಿಸಿದನು. ಮಣ್ಣಿನ ರಚನೆಯಲ್ಲಿ ಎರೆಹುಳುವಿನ ಮಹತ್ತ್ವವನ್ನು ಡಾರ್ವಿನನು 1881ರಲ್ಲಿ ಸ್ಥಾಪಿಸಿದನು. ಆದರೆ ತಿಂಗಳುಗಟ್ಟಲೆ ಕಾದು ಗಟ್ಟಿಯಾದ ನೆಲದಲ್ಲಿ ಎರೆಹುಳುವು ಕೆಲಸ ಮಾಡಲಾರದು; ಅಲ್ಲಿ ಆ ಕಾರ್ಯವನ್ನು ನಿರ್ವಹಿಸುವುದು ಗೆದ್ದಲೇ ಎಂದು ಡ್ರಮಂಡನು ತನ್ನ ಆಫ್ರಿಕ ಪ್ರವಾಸದ ಅನುಭವದಿಂದ 1888ರಲ್ಲಿ ವಾದಿಸಿದನು.

ಈ ವಾದಕ್ಕೆ ಪುಷ್ಟಿಯು ಬಹುಕಾಲದ ಮೇಲೆ ದೊರೆಯಿತು. ಗೆದ್ದಲು ಮಣ್ಣಿನ ಮರೆಯಲ್ಲಿ ಒಣಹುಲ್ಲು, ಕಡ್ಡಿ, ಸಗಣಿಗಳನ್ನು ತಿಂದು ಕರಗಿಸುತ್ತದೆ. ಕೆಳಗಣ ಜೇಡಿಯನ್ನು ಮೇಲಕ್ಕೆ ತರುತ್ತದೆ. ಅದು ಕೊರೆದ ಬಿಲಗಳ ಮೂಲಕ ಮಳೆಯ ನೀರು ಹರಿದುಹೋಗದೆ ಒಳಕ್ಕಿಳಿಯುತ್ತದೆ. ಬುರ್ಕೀನ ಫಾಸೋ ದೇಶದ ಯಾತೆಂಗ ಸೀಮೆಯಲ್ಲಿ 1980ರ ದಶಕದಲ್ಲಿ ಯಾಕೂಬ ಸವಾದೋಗೋ ಎಂಬ ರೈತನು ಬರಡುನೆಲದಲ್ಲಿ ಗುಂಡಿಗಳನ್ನು ತೋಡಿ, ಗೊಬ್ಬರವಿಟ್ಟು, ಗೆದ್ದಲನ್ನು ಬರಮಾಡಿಕೊಂಡೇ ನೆಲವನ್ನು ಉದ್ಧರಿಸಿದನು. ಪಶ್ಚಿಮ ಆಸ್ಟ್ರೇಲಿಯದ ಒಣಬೇಸಾಯದ ಹೊಲಗಳಲ್ಲಿ ಇರುವೆ ಗೆದ್ದಲುಗಳನ್ನು ಉಳಿಸಿದೆಡೆ, ಅವುಗಳನ್ನು ನಿವಾರಿಸಿದೆಡೆಗಿಂತ ಗೋದಿಯ ಫಲವು ನೂರಕ್ಕೆ 36ರಷ್ಟು ಅಧಿಕವಾಯಿತೆಂದು 2011ರಲ್ಲಿ ಇವಾನ್ಸ್ ಮೊದಲಾದವರು ಪ್ರಕಟಿಸಿದರು.

ಇಷ್ಟರಿಂದ ನಮ್ಮ ಪೂರ್ವಿಕರು ಇದೆಲ್ಲವನ್ನೂ ಅರಿತಿದ್ದರೆಂದು ಸಾಧಿಸಲಾಗದು. ವರಾಹಮಿಹಿರನಿಗೆ ಹುತ್ತವು ನೀರಿನ ಲಕ್ಷಣ. ಆಧುನಿಕರಿಗಾದರೋ ಗೆದ್ದಲು ನೀರು ನೆಲಕ್ಕಿಳಿಯುವುದಕ್ಕೆ ಕಾರಣ. ಲಕ್ಷಣವು ಬೇರೆ, ಕಾರಣವು ಬೇರೆ. ಗೆದ್ದಲಿಗೆ ತೇವವು ಆವಶ್ಯಕವಾದುದರಿಂದ ಹಳೆಯ ಊಹೆಯು ನಿರ್ಮೂಲವಲ್ಲ. ಆದರೂ ಹುತ್ತವೊಂದನ್ನೇ ನಂಬಿ ಬಾವಿಯ ಆಳವನ್ನು ನಿರ್ಣಯಿಸುವುದು ಯುಕ್ತವಲ್ಲ. ಪ್ರಾಚೀನರಿಗೆ ಸಲ್ಲತಕ್ಕ ಕೀರ್ತಿಯು ಸೂಕ್ಷ್ಮಾವಲೋಕನದ್ದು. ಅದು ಅಲ್ಪವೇನೂ ಅಲ್ಲ.

ಸುಮಾರು 3000 ಗೆದ್ದಲಿನ ಜಾತಿಗಳಲ್ಲಿ ಮನುಷ್ಯನಿಗೆ ಕೇಡನ್ನುಂಟುಮಾಡುವುವು ಕೆಲವೇ. ಹೊಲದ ಹುತ್ತವನ್ನು ಅಗೆದು ವಿಷವಿಕ್ಕುವ ಮುನ್ನ, ಮುಂದಣ ಮಳೆಯ ನೀರನ್ನು ನೆಲಕ್ಕಿಳಿಸುವವರಾರೆಂಬುದನ್ನು ಒಕ್ಕಲಿಗನು ವಿಚಾರಿಸತಕ್ಕದ್ದು.